ಅಳು ನಿಲ್ಲುವ ತನಕ

"ನನ್ನ ಮೊಮ್ಮಗಳಿಗೆ ನೀನು ಏನು ಮಾಡ್ತಿದ್ದೀಯ, ನೆರಿಸ್? ಬಾಯಿ ಬಿಟ್ಟು ಹೇಳು!"

ಭಾನುವಾರದ ಊಟದ ಮೇಜಿನ ಮೇಲೆ ಬೇಯಿಸಿದ ಕುರಿಮಾಂಸ ಇನ್ನೂ ಹಬೆಯಾಡುತ್ತಿತ್ತು. ಮಗನ ಸಂಸಾರವನ್ನು ತನ್ನ ಮನೆಗೆ ಊಟಕ್ಕೆ ಕರೆದಿದ್ದ ಐರ್ವೆನ್ ಪ್ರಿಚರ್ಡ್ ಚಾಕುವನ್ನು ತಟ್ಟೆಯ ಮೇಲೆ ಕುಕ್ಕಿ ಸೊಸೆಯ ಮುಖವನ್ನೇ ದಿಟ್ಟಿಸಿದಳು. ಮಗ ಗೆಥಿನ್ ತಲೆ ಎತ್ತದೆ ಆಲೂಗಡ್ಡೆ ಕತ್ತರಿಸುತ್ತಿದ್ದ. ಐದು ವರ್ಷದ ಎಲಿನ್ ಅಪ್ಪನ ಪಕ್ಕದಲ್ಲಿ ಕುಳಿತು ಒಂದೊಂದೇ ಬಟಾಣಿ ಕಾಳನ್ನು ಬಾಯಿಗಿಡುತ್ತಿದ್ದಳು.

"ನಾನೇನು ಮಾಡಿದೆ, ಐರ್ವೆನ್?" ನೆರಿಸ್ ಮುಳ್ಳುಚಮಚ ಕೆಳಗಿಟ್ಟಳು.

"ಈ ತಿಂಗಳಲ್ಲಿ ಮಗು ನಾಲ್ಕು ಸಲ ಶಾಲೆಯಲ್ಲಿ ಚಡ್ಡಿ ಒದ್ದೆ ಮಾಡ್ಕೊಂಡಿದೆ. ಕೋಟು ನೇತುಹಾಕೋ ಕೋಣೆಗೆ ಹೋಗು ಅಂದ್ರೆ ಬಾಗಿಲು ಹಿಡ್ಕೊಂಡು ನಡುಗುತ್ತೆ. ಹೆತ್ತವಳು ಸಂಜೆ ಹೊತ್ತು ಮನೇಲಿರ್ಬೇಕು. ನೀನು ಊರ ಮುದುಕರ ಮೈ ತೊಳೆಯೋಕೆ ಹೋದ್ರೆ ನಿನ್ನ ಮಗೂನ ಯಾರು ನೋಡ್ಬೇಕು?"

"ಸಂಜೆ ಗೆಥಿನ್ ಇರ್ತಾನಲ್ಲ..."

"ನನ್ನ ಮಗನ ಹೆಸರು ಎತ್ತಬೇಡ! ಅವನ ಹತ್ತಿರ ಮಗು ಚಿನ್ನದ ಹಾಗಿರುತ್ತೆ. ಅದು ನನಗೆ ಗೊತ್ತು."

ಗೊತ್ತು ಎಂದರೆ ಮುಗಿಯಿತು. ನಮ್ಮ ಬೀದಿಯಲ್ಲಿ ಐರ್ವೆನ್‌ಳ ಮಾತಿಗೆ ಎದುರಾಡಿದವರು ಯಾರೂ ಇಲ್ಲ. ಇಪ್ಪತ್ತೆರಡು ವರ್ಷದಿಂದ ಆಕೆ ದಿಬ್ಬದ ಮೇಲಿನ ಪ್ರಾಥಮಿಕ ಶಾಲೆಯಲ್ಲಿ ಸಹಾಯಕಿ. ಮಕ್ಕಳ ರಕ್ಷಣೆಯ ವಿಚಾರದಲ್ಲಿ ಮುಖ್ಯೋಪಾಧ್ಯಾಯಿನಿ ಪ್ರೋಬರ್ಟ್ ಅವರ ನಂತರ ಹೊಣೆ ಹೊತ್ತವಳು ಆಕೆಯೇ. ಶಾಲೆಯ ಬಾಗಿಲಲ್ಲಿ ಆಕೆಯ ಫೋಟೋ, ಕೆಳಗೆ 'ಮಗುವಿನ ಬಗ್ಗೆ ಚಿಂತೆಯಿದ್ದರೆ ಇವರಿಗೆ ಹೇಳಿ' ಎಂಬ ಬರಹ. ಪ್ರತಿ ಸೆಪ್ಟೆಂಬರಿನಲ್ಲಿ ಹೊಸ ಸಿಬ್ಬಂದಿಯ ಮುಂದೆ ನಿಂತು ಆಕೆ ಬೆರಳಾಡಿಸಿ ಹೇಳುವುದುಂಟು: "ಯಾರಿಗೂ ಹೇಳಲ್ಲ ಅಂತ ಮಗುವಿಗೆ ಮಾತು ಕೊಡಬೇಡಿ. ಮಗು ಹೇಳಿದ್ದನ್ನ ಹೇಳಿದ ಹಾಗೇ ಬರೀರಿ, ನಿಮ್ಮ ಅರ್ಥ ತುಂಬಬೇಡಿ. ನಮ್ಮವರ ಮನೇಲಿ ಹಾಗೆಲ್ಲ ಆಗಲ್ಲ ಅಂತ ಮಾತ್ರ ಅಂದ್ಕೋಬೇಡಿ!" ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಮೂರು ವಾರದ ಹಿಂದೆ ಎಲಿನ್‌ಳ ತರಗತಿಯ ಸಹಾಯಕಿ ರಜೆ ಹಾಕಿದ್ದಳು, ಆ ಜಾಗಕ್ಕೆ ಐರ್ವೆನ್ ಹೋಗಿದ್ದಳು. ಸ್ವಂತ ಮೊಮ್ಮಗಳ ವಿಚಾರವನ್ನು ಬೇರೆಯವರಿಗೆ ಬಿಡಬೇಕು ಎಂಬ ನಿಯಮ ಐರ್ವೆನ್‌ಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೂ ಆಕೆಯೇ ಮಗುವನ್ನು ಮೂಲೆಯ ಪುಟ್ಟ ಕುರ್ಚಿಯಲ್ಲಿ ಕೂರಿಸಿಕೊಂಡು, ಮನೆಯಲ್ಲಿ ತಪ್ಪು ಮಾಡಿದರೆ ಏನಾಗುತ್ತದೆ ಎಂದು ಕೇಳಿದಳು. ಎಲಿನ್ ಬಹಳ ಹೊತ್ತು ಯೋಚಿಸಿ ಹೇಳಿದ್ದು ಮೂರೇ ತುಣುಕು. "ಕುಚ್. ಅಪ್ಪ. ಅಳು ನಿಲ್ಲೋ ತನಕ."

ನಮ್ಮ ವೇಲ್ಸ್ ಕಣಿವೆಯಲ್ಲಿ ಕುಚ್ ಎಂದರೆ ಅಪ್ಪುಗೆ. ಬಿದ್ದು ಮಂಡಿ ತರಚಿಕೊಂಡ ಮಗುವಿಗೆ, ಗಂಡನನ್ನು ಮಣ್ಣು ಮಾಡಿ ಬಂದ ನೆರೆಯವಳಿಗೆ ನಾವು ಕೊಡುವುದು ಅದನ್ನೇ. ಐರ್ವೆನ್‌ಳ ಕಣ್ಣು ತುಂಬಿ ಬಂತು. ಎಂಥ ಮಗನನ್ನು ಹೆತ್ತೆ ಎಂಬ ಹೆಮ್ಮೆಯಲ್ಲಿ ಆಕೆ ಮಕ್ಕಳ ರಕ್ಷಣೆಯ ಫಾರಂ ತೆಗೆದು ಬರೆದಳು: 'ಮಗು ಅತ್ತರೆ, ಅಳು ನಿಲ್ಲುವವರೆಗೆ ತಂದೆ ಅಪ್ಪಿಕೊಂಡು ಸಂತೈಸುತ್ತಾನೆ.' ಅದರ ಕೆಳಗೆ, 'ತಾಯಿ ಸಂಜೆ ಮನೆಯಲ್ಲಿ ಇರುವುದಿಲ್ಲ' ಎಂದು ಬರೆದು ಗೆರೆ ಎಳೆದಳು. ಆ ಗೆರೆಯ ಬಲದಿಂದಲೇ ಈಗ ಸೊಸೆಯ ಮೇಲೆ ಎಗರಿ ಬಿದ್ದಿದ್ದಳು.

ನೆರಿಸ್ ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಎಲಿನ್‌ಳ ಮೊಣಕೈ ತಾಗಿ ಗ್ರೇವಿಯ ಪಾತ್ರೆ ಉರುಳಿತು. ಬಿಳಿ ಮೇಜುಬಟ್ಟೆಯ ಮೇಲೆ ಕಂದು ಸಾರು ಹರಿಯಿತು. ಯಾರೂ ಬೈಯಲಿಲ್ಲ. ಗೆಥಿನ್ ಮಗಳ ಕಡೆ ಒಮ್ಮೆ ನೋಡಿದ, ಅಷ್ಟೇ. ಮಗು ತಾನಾಗಿಯೇ ಕುರ್ಚಿಯಿಂದ ಇಳಿಯಿತು. ನೆಲದ ಮೇಲೆ ಕುಳಿತು ಶೂ ಬಿಚ್ಚಿ ಜೋಡಿಸಿಟ್ಟಿತು. ನಂತರ ಹಜಾರಕ್ಕೆ ಹೋಗಿ, ಮಹಡಿ ಮೆಟ್ಟಿಲ ಕೆಳಗಿನ ಗಿಡ್ಡ ಬಾಗಿಲ ಮುಂದೆ ಗೋಡೆಗೆ ಮುಖ ಮಾಡಿ ನಿಂತುಬಿಟ್ಟಿತು.

"ಎಲಿನ್, ಅಲ್ಲೇನು ಮಾಡ್ತಿದ್ದೀಯ ಪುಟ್ಟಾ?" ಐರ್ವೆನ್ ಎದ್ದು ಬಂದಳು.

"ಕುಚ್‌ಗೆ ಹೋಗ್ತೀನಿ ನ್ಯಾನ್. ನಾನೇ ಹೋಗ್ತೀನಿ, ಅಪ್ಪ ಎತ್ಕೊಂಡು ಹೋಗೋದು ಬೇಡ." ನ್ಯಾನ್ ಎಂದು ಕರೆದರೂ ಮಗು ಅಜ್ಜಿಯ ಕಡೆ ತಿರುಗಲೂ ಇಲ್ಲ. "ಶೂ ಬಿಚ್ಚಿದೀನಿ. ಶೂ ಹಾಕ್ಕೊಂಡು ಬಾಗಿಲು ಒದ್ರೆ ಜಾಸ್ತಿ ಹೊತ್ತು..."

ಅಯ್ಯೋ! ಕುಚ್ ಎಂದರೆ ಇದೂ ಹೌದಲ್ಲ! ಕಲ್ಲಿದ್ದಲ ಕಾಲದಿಂದ ಇಲ್ಲಿನ ಪ್ರತಿ ಮನೆಯ ಮೆಟ್ಟಿಲ ಕೆಳಗಿರುವ ಕತ್ತಲ ಗೂಡಿಗೂ ಈ ಕಣಿವೆಯವರು ಹೇಳುವುದು ಇದೇ ಮಾತನ್ನು. ಪೊರಕೆ ಎಲ್ಲಿ ಎಂದರೆ ಕುಚ್‌ನಲ್ಲಿ, ಹಳೆಯ ಬೂಟು ಎಲ್ಲಿ ಎಂದರೆ ಕುಚ್‌ನಲ್ಲಿ. ದಿನಕ್ಕೆ ಹತ್ತು ಸಲ ಆ ಮಾತು ಆಡುವ ಐರ್ವೆನ್‌ಗೆ ಮೊಮ್ಮಗಳ ಬಾಯಲ್ಲಿ ಮಾತ್ರ ತನಗೆ ಹಿತವಾದ ಅರ್ಥವೇ ಕೇಳಿಸಿತ್ತು.

ಅಡುಗೆಮನೆಗೆ ಮಗನನ್ನು ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. "ಗೆಥಿನ್... ಮಗೂನ ಕತ್ತಲಲ್ಲಿ ಕೂಡಿ ಹಾಕ್ತೀಯಾ?"

"ಒಂದು ಏಟು ಹೊಡೆದಿಲ್ಲಮ್ಮ. ನಾಲ್ಕು ಗಂಟೆಗೆ ಎದ್ದು ಬಸ್ಸು ಓಡಿಸಿ ಬರ್ತೀನಿ. ಅದು ರಚ್ಚೆ ಹಿಡಿದ್ರೆ ತಲೆ ಸಿಡಿದುಹೋಗುತ್ತೆ. ಹತ್ತು ನಿಮಿಷ, ಸುಮ್ಮನಾಗುತ್ತೆ."

"ಐದು ವರ್ಷದ ಕೂಸು ಕಣೋ! ಎಂಥ ಕಲ್ಲು ಮನಸ್ಸು ನಿಂದು! ಎಲ್ಲಿ ಕಲಿತೆ ಇದನ್ನ?"

ಗೆಥಿನ್ ಅಮ್ಮನನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. "ಎಲ್ಲಿ ಕಲಿತೆ ಅಂತ ನೀನು ಕೇಳ್ತೀಯಾ? ಈ ಮನೆಯ ಅದೇ ಬಾಗಿಲಮ್ಮ. ನಾನು ನೂರರ ತನಕ ಎಣಿಸೋದು ಕಲಿತದ್ದು ಶಾಲೆಯಲ್ಲಲ್ಲ, ಅದರ ಹಿಂದೆ."

ಐರ್ವೆನ್ ಸಿಂಕಿನ ಕಡೆ ತಿರುಗಿ ನಿಂತಳು. ಗಂಡ ಬಿಟ್ಟು ಹೋದ ಆ ವರ್ಷಗಳು... ಎಲ್ಲ ತಾಯಂದಿರೂ ಮಾಡುತ್ತಿದ್ದರು ಎಂದು ತನಗೆ ತಾನೇ ಹೇಳಿಕೊಂಡು ಮರೆತದ್ದು... ಹಿಂದೆ ಬಾಗಿಲು ತೆರೆದ ಸದ್ದಾಯಿತು. ಶೂ ಇಲ್ಲದ ಮಗುವನ್ನು ಎದೆಗೆ ಅವಚಿಕೊಂಡು ನೆರಿಸ್ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕೋಟನ್ನೂ ತೊಡದೆ ಆಕೆ ಬೀದಿಯ ಕೊನೆಯಲ್ಲಿರುವ ತಂಗಿಯ ಮನೆಗೆ ನಡೆದುಬಿಟ್ಟಳು.

"ಶಾಲೆಯಲ್ಲಿ ಹೇಳ್ಬೇಡಮ್ಮ," ಗೆಥಿನ್ ಗೋಗರೆದ. "ಇನ್ನು ಮಾಡಲ್ಲ. ಮಗೂನ ಕಿತ್ಕೊಂಡು ಹೋಗ್ತಾರೆ. ನಿನ್ನ ಮಾನನೂ ಹೋಗುತ್ತೆ."

ಸೋಮವಾರ ಗಂಟೆ ಬಾರಿಸುವ ಮೊದಲೇ ಐರ್ವೆನ್ ಪ್ರೋಬರ್ಟ್ ಅವರ ಮುಂದೆ ಕುಳಿತಿದ್ದಳು. ತಪ್ಪು ಬರೆದೆ ಎಂದು ಒಪ್ಪಿಕೊಂಡಳು. ಮಗುವಿನ ಮೂರು ತುಣುಕನ್ನು ಇದ್ದ ಹಾಗೆಯೇ ಬರೆದಳು, ಮಗನ ಹೆಸರನ್ನು ಬರೆದಳು. ಆದರೆ 'ಈ ವಿಚಾರದಲ್ಲಿ ನಿಮಗೆ ತಿಳಿದ ಇತರ ಸಂಗತಿ' ಎಂಬ ಕೊನೆಯ ಸಾಲು ಬಂದಾಗ ಪೆನ್ನು ಮುಚ್ಚಿಟ್ಟಳು. ಆ ಸಾಲು ಖಾಲಿಯೇ ಉಳಿಯಿತು.

ಗುರುವಾರ ಕೌನ್ಸಿಲ್ಲಿನಿಂದ ಮಕ್ಕಳ ರಕ್ಷಣೆಯ ಕಾರ್ಯಕರ್ತೆ ಮಿಸ್ ಬೋವೆನ್ ಬಂದರು. ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಎಲ್ಲರೂ ಸೇರಿದರು. ಗೆಥಿನ್ ಸದ್ಯಕ್ಕೆ ಮನೆ ಬಿಟ್ಟು ಗೆಳೆಯನ ಬಳಿ ಇರಬೇಕು, ಮಗು ಬೆಳೆಸುವ ತರಬೇತಿಗೆ ಹೋಗಬೇಕು ಎಂದಾಯಿತು. ಅವನು ಎಲ್ಲಕ್ಕೂ ತಲೆಯಾಡಿಸಿದ.

"ಇನ್ನು ಉಳಿದದ್ದು ಸಂಜೆ ಹೊತ್ತು," ಮಿಸ್ ಬೋವೆನ್ ಹೇಳಿದರು. "ನೆರಿಸ್ ಅವರು ಕೆಲಸ ಬಿಡೋ ಹಾಗಿಲ್ಲ. ಮಗು ಅಜ್ಜಿ ಮನೇಲಿ ಇರಬಹುದಲ್ವಾ? ಇಪ್ಪತ್ತೆರಡು ವರ್ಷ ಶಾಲೆಯಲ್ಲಿದ್ದವರು, ಸ್ವಂತ ಮಗನ ಮೇಲೇ ಬರೆದುಕೊಟ್ಟವರು. ಇವರಿಗಿಂತ ಬೇಕಾ?"

ನೆರಿಸ್ ನೆಲ ನೋಡುತ್ತ, "ಆಗಲಿ, ಬೇರೆ ದಾರಿ ಇಲ್ಲ," ಎಂದಳು. ಭಾನುವಾರ ಕೇಳಿಸಿಕೊಂಡದ್ದನ್ನು ಆಕೆ ಬಾಯಿ ಬಿಡಲಿಲ್ಲ. ಅತ್ತೆಯ ಮೇಲೆ ಹೇಳಿದರೆ ಸೇಡು ಎನ್ನುತ್ತಾರೆ ಎಂಬ ಭಯ ಸೊಸೆಯಂದಿರಿಗೆ ಎಲ್ಲ ಊರಿನಲ್ಲೂ ಇದ್ದದ್ದೇ. ಎಲಿನ್ ಹುಟ್ಟಿದಂದಿನಿಂದ ಐರ್ವೆನ್ ಬಯಸಿದ್ದು ಇದನ್ನೇ. ಮೊಮ್ಮಗಳಿಗೆಂದು ಹಳದಿ ಬಣ್ಣ ಬಳಿಸಿದ ಕೋಣೆ ಐದು ವರ್ಷದಿಂದ ಕಾದಿತ್ತು. ಹೂಂ ಎಂದರೆ ಸಾಕು, ಮಗು ತನ್ನದು. ಮಾನವೂ ಉಳಿಯುತ್ತದೆ.

"ಬೇಡ," ಎಂದಳು ಐರ್ವೆನ್.

ಎಲ್ಲರೂ ತಿರುಗಿ ನೋಡಿದರು.

"ನನ್ನ ಹತ್ತಿರ ಬಿಡಬೇಡಿ. ಇವನು ಇದನ್ನ ಕಲಿತದ್ದು ನನ್ನಿಂದ. ನಾಲ್ಕು ವರ್ಷದವನಿದ್ದಾಗಿನಿಂದ ಒಂಬತ್ತರ ತನಕ ನಾನು ಇವನನ್ನ ಮೆಟ್ಟಿಲ ಕೆಳಗೆ ಹಾಕಿ ಚಿಲಕ ಹಾಕ್ತಿದ್ದೆ. ಸೋಮವಾರ ಬರೀಬೇಕಿತ್ತು... ಬರೀಲಿಲ್ಲ. ನಾಚಿಕೆ ಆಯ್ತು." ಆಕೆ ಸೆರಗಿಲ್ಲದ ಊರಿನವಳು, ಮುಖ ಮುಚ್ಚಿಕೊಳ್ಳಲು ಎರಡು ಅಂಗೈ ಬಿಟ್ಟು ಬೇರೇನೂ ಇರಲಿಲ್ಲ.

ಅಷ್ಟು ಹೊತ್ತು ಕಲ್ಲಿನಂತೆ ಕುಳಿತಿದ್ದ ಗೆಥಿನ್ ಬಿಕ್ಕಿದ. ಮೂವತ್ತಾರು ವರ್ಷದ ಗಂಡಸು, ಎಲ್ಲರೆದುರು! "ಒಳಗೆ ಎಷ್ಟು ಕತ್ತಲೆ ಇರುತ್ತೆ ಅಂತ ನಿಂಗೆ ಗೊತ್ತಿತ್ತೇನಮ್ಮಾ? ಗೊತ್ತಿರ್ಲಿಲ್ಲ ಅಂತಾನೇ ನಾನು ಇಷ್ಟು ವರ್ಷ ಅಂದ್ಕೊಂಡೆ..."

"ಗೊತ್ತಿತ್ತು ಮಗಾ," ಐರ್ವೆನ್ ಅಂಗೈ ತೆಗೆದಳು. "ಅದಕ್ಕೇ ಹಾಕ್ತಿದ್ದೆ."

ಪ್ರೋಬರ್ಟ್ ತಗ್ಗಿದ ದನಿಯಲ್ಲಿ, ವಿಚಾರಣೆ ಮುಗಿಯುವ ತನಕ ಐರ್ವೆನ್ ಶಾಲೆಗೆ ಬರುವುದು ಬೇಡ ಎಂದರು. ಹೇಳುವಾಗ ಅವರ ಕಣ್ಣೂ ಒದ್ದೆಯಾಗಿತ್ತು. ಸಂಜೆ ಹೊತ್ತು ಮಗು ನೆರಿಸ್‌ಳ ತಂಗಿಯ ಬಳಿ ಇರುವುದೆಂದು ತೀರ್ಮಾನವಾಯಿತು.

ಹೊರಗೆ, ಗೇಟಿನ ಬಳಿ, ಐರ್ವೆನ್ ಸೊಸೆಯ ಎದುರು ನಿಂತಳು. "ನೆರಿಸ್... ನನ್ನ ಮನೆಯ ಪಾಪವನ್ನ ನಿನ್ನ ತಲೆಗೆ ಕಟ್ಟಿದೆ. ಕ್ಷಮಿಸು ಅನ್ನೋಕೂ ನನಗೆ ಮುಖ ಇಲ್ಲ."

ನೆರಿಸ್ ಕ್ಷಮಿಸಿದೆ ಎನ್ನಲಿಲ್ಲ. "ಶನಿವಾರ ಮೂರು ಗಂಟೆಗೆ ಬನ್ನಿ," ಎಂದಳು. "ಎಲಿನ್ ನಿಮ್ಮನ್ನ ಕೇಳ್ತಾಳೆ. ನಾನೂ ಮನೇಲಿರ್ತೀನಿ."

"ಒಂದು ಮಾತು ಕೊಡು. ನೀನು ಇಲ್ಲದಾಗ ನನ್ನನ್ನ ಒಳಗೆ ಬಿಡಬೇಡ. ನಾನು ಎಷ್ಟೇ ಅತ್ತು ಕರೆದರೂ ಬಿಡಬೇಡ."

"ಬಿಡಲ್ಲ, ಐರ್ವೆನ್."

ನೆರಿಸ್ ಮದುವೆಯಾಗಿ ಬಂದ ಏಳು ವರ್ಷದಲ್ಲಿ ಅತ್ತೆ ಸೊಸೆ ಇಬ್ಬರೂ ಪೂರ್ತಿ ಒಪ್ಪಿದ ಮೊದಲ ಮಾತು ಅದು. ಐರ್ವೆನ್ ತಲೆಯಾಡಿಸಿ, ದಿಬ್ಬ ಇಳಿದು ಮನೆಗೆ ಹೊರಟಳು.