ಹೊಗೆಕೋಣದ ಬಾಲ ಹಿಡಿದ ದೇಮವ್ವ

ಬಲು ಹಿಂದೆ, ಬೆಟ್ಟಗಳು ಒಂದನ್ನೊಂದು ಹೆಸರು ಹಿಡಿದು ಕೂಗುತ್ತಿದ್ದ ಕಾಲದಲ್ಲಿ, ಎಲರಾವತಿ ಅಂತ ಒಂದು ರಾಜ್ಯವಿತ್ತು. ಅಲ್ಲಿನ ಗಾಳಿ ಎಷ್ಟು ತಿಳಿ ಅಂದರೆ, ಊರಾಚೆ ಮಲ್ಲಿಗೆ ಬಿರಿದರೆ ಅರಮನೆಯಲ್ಲಿ ರಾಜನ ಮೂಗು ಅರಳುತ್ತಿತ್ತು. ಅಂಥ ಊರಿಗೆ ಎಲ್ಲಿಂದಲೋ ಹೊಗೆಕೋಣ ಬಂತು. ದಿನಾ ಸಂಜೆ ಬರುವುದು, ಊರಿನ ಮೇಲೆ ಕಾಲು ಮಡಚಿ ಮಲಗುವುದು, ಮಕ್ಕಳ ಉಸಿರು ಹೀರುವುದು. ಇದೇ ಅದರ ಕೆಲಸ.

ಆ ಊರಲ್ಲಿ ದೇಮವ್ವ ಅಂತ ಒಬ್ಬಳಿದ್ದಳು, ನಾರಿನ ಹಗ್ಗ ಹೊಸೆದು ಬಾಳುವವಳು. ಅವಳಿಗೆ ಒಬ್ಬಳೇ ಮಗಳು, ಸಂಪಿಗೆ. ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದ ಕೂಸು ಈಗ ಉಬ್ಬಸ ಹತ್ತಿ ಹಾಸಿಗೆ ಹಿಡಿದಿತ್ತು. "ಅವ್ವಾ, ಎದೆ ಮೇಲೆ ಯಾರೋ ಕೂತಿದ್ದಾರೆ" ಅನ್ನುತ್ತಿತ್ತು. ಹೆತ್ತ ಕರುಳು ಇದನ್ನು ಕೇಳಿ ಸುಮ್ಮನಿದ್ದೀತೆ?

ರಾಜ ಉದಯಮಲ್ಲ ಧೂಮಾಕ್ಷನೆಂಬ ಮಂತ್ರವಾದಿಯನ್ನು ಕರೆಸಿದ. ಅವನ ಹೆಗಲಲ್ಲಿ ಸದಾ ಒಂದು ತೊಗಲ ಚೀಲ. ಅವನೆಂದ, "ಮಹಾಪ್ರಭು, ಕೋಣವನ್ನು ಕಳಿಸಿದವರು ನೆರೆರಾಜ್ಯದವರು. ತಾವು ಹೊಗೆಗೆ ನಿಲುಕದ ಗೋಪುರ ಕಟ್ಟಿಸಿ. ಜನ ಕಸಕಡ್ಡಿ ಒಟ್ಟಿ ಸುಡಲಿ, ದೃಷ್ಟಿ ಕಳೆಯುತ್ತದೆ. ಮನೆಮನೆಯಲ್ಲೂ ನನ್ನ ರಕ್ಷಾಧೂಪ ಹಾಕಲಿ." ಎಲ್ಲರೂ ಹಾಗೇ ಮಾಡಿದರು. ಕೋಣ ಇನ್ನಷ್ಟು ಕೊಬ್ಬಿತು. ಅದು ಯಾಕಪ್ಪಾ ಅಂತ ಒಬ್ಬರಾದರೂ ಕೇಳಬೇಡವೇ? ಊಹೂಂ, ಕೇಳಲಿಲ್ಲ ನೋಡಿ!

ದೇಮವ್ವ ಕೇಳಿದಳು. "ಬೈದರೆ ಕೋಣ ಹೋಗಲ್ಲ. ಅದು ಎಲ್ಲಿ ಮೇಯುತ್ತೆ ಅಂತ ನಾನೇ ನೋಡ್ತೀನಿ" ಅಂದಳು. ಮಗಳ ಮಂಚದ ಪಕ್ಕ ಅಗ್ಗಿಷ್ಟಿಕೆಯಲ್ಲಿ ರಕ್ಷಾಧೂಪ ಹಾಕಿ, ಪಕ್ಕದ ಮನೆ ಗಂಗಜ್ಜಿಯನ್ನು ಕಾವಲಿಗೆ ಕೂರಿಸಿ, ಒದ್ದೆ ಹಗ್ಗ ಹೊಸೆದುಕೊಂಡು ಹೊರಟಳು. ಹೊಗೆ ಒಣ ಕೈಗೆ ಸಿಕ್ಕದು, ಒದ್ದೆ ಹಗ್ಗಕ್ಕೆ ಸಿಕ್ಕುತ್ತದೆ.

ಮೊದಲ ಸಂಜೆ ಕೋಣದ ಬಾಲಕ್ಕೆ ಕುಣಿಕೆ ಹಾಕಿದಳು. ಅದು ಅವಳನ್ನು ದರದರ ಎಳೆದುಕೊಂಡು ಹೋಗಿ ನಿಂತಿದ್ದು ಎಲ್ಲಿ? ರಾಜನ ಗೋಪುರಕ್ಕೆ ಇಟ್ಟಿಗೆ ಸುಡುವ ಗೂಡಿನ ಮುಂದೆ. ಗೂಡಿನ ಹೊಗೆಯನ್ನು ಗಬಗಬ ಮೇಯಿತು.

ಎರಡನೆಯ ಸಂಜೆಯೂ ಬಾಲ ಹಿಡಿದಳು. ಕೋಣ ಊರಾಚೆಯ ತಿಪ್ಪೆಗೆ ಹೋಯಿತು. ಅವಳ ಕೇರಿಯವರೇ ಅಲ್ಲಿ ಹರಕು ಚಾಪೆ, ಹಳೆ ತೊಗಲು ಸುಡುತ್ತಿದ್ದರು. ಗಬಗಬ ಮೇಯಿತು.

ಮೂರನೆಯ ಸಂಜೆ ಮೊಣಕಾಲು ತರಚಿ ರಕ್ತ ಬಂದರೂ ಅವಳು ಹಗ್ಗ ಬಿಡಲಿಲ್ಲ. ಕೋಣ ಒಂದು ಓಣಿಗೆ ತಿರುಗಿತು. ಗೊತ್ತಿದ್ದ ಓಣಿ. ಒಂದು ಬಾಗಿಲಿಗೆ ತಲೆ ತೂರಿಸಿತು. ಅದು ಅವಳದೇ ಬಾಗಿಲು! ಗಂಗಜ್ಜಿ ತೂಕಡಿಸುತ್ತಿದ್ದಳು. ಕೋಣ ಅಗ್ಗಿಷ್ಟಿಕೆಗೆ ಮೂತಿ ಇಟ್ಟು ಧೂಪವನ್ನೆಲ್ಲ ನೆಕ್ಕಿತು, ಆಮೇಲೆ ಸಂಪಿಗೆಯ ಎದೆಯ ಮೇಲೆ ಕಾಲಿಟ್ಟಿತು.

"ಅಯ್ಯೋ ನನ್ನ ಕಂದಾ! ಕಾಯ್ತೀನಿ ಅಂತ ನಾನೇ ಮೇವು ಹಾಕಿದೆನಲ್ಲೇ!" ದೇಮವ್ವ ಎದೆ ಬಡಿದುಕೊಂಡು ಅತ್ತಳು. ಅತ್ತು ಕಣ್ಣೊರೆಸಿಕೊಂಡಳು. ಕೊಡದ ನೀರನ್ನು ಅಗ್ಗಿಷ್ಟಿಕೆಗೆ ಸುರಿದಳು. ಚುಂಯ್ ಅಂತು. ಕೋಣದ ಒಂದು ಕೊಂಬು ಕಳಚಿ ಬಿತ್ತು. ಬಿದ್ದದ್ದು ಒಂದೇ ಕೊಂಬು. ಕೋಣ ಕಾಲು ತೆಗೆದು ಹೋಯಿತು, ನಾಳೆ ಮತ್ತೆ ಬರುತ್ತದೆ.

ಬೆಳಿಗ್ಗೆ ಆ ಕೊಂಬನ್ನು ರಾಜಸಭೆಯಲ್ಲಿ ನೆಲಕ್ಕೆ ಅಪ್ಪಳಿಸಿದಳು. ಒಡೆದ ಕೊಂಬಿನಿಂದ ಇಟ್ಟಿಗೆಗೂಡಿನ ಮಸಿ ಬಿತ್ತು, ಸುಟ್ಟ ಚಾಪೆಯ ಚೂರು ಬಿತ್ತು, ರಕ್ಷಾಧೂಪದ ಉಂಡೆ ಬಿತ್ತು.

"ನೆರೆರಾಜ್ಯದ್ದು ಇದರಲ್ಲಿ ಏನಿದೆ, ಹುಡುಕಿ ಪ್ರಭು" ಅಂದಳು.

ಧೂಮಾಕ್ಷ ಹಾರಾಡಿದ. "ಧೂಪ ಆರಿಸಿದ ದಿನ ಕೋಣ ಊರನ್ನೇ ನುಂಗುತ್ತೆ!"

"ಹಾಗಾದರೆ ಮೊದಲು ನನ್ನನ್ನೇ ನುಂಗಲಿ. ಊರಬಾಗಿಲಿಗೆ ಇದೇ ಹಗ್ಗದಲ್ಲಿ ನನ್ನ ಕಟ್ಟಿ. ಆದರೆ ಒಂದು ಸಂಜೆ ಯಾರೂ ಅದಕ್ಕೆ ಮೇವು ಹಾಕಬೇಡಿ. ತಮ್ಮ ಗೂಡೂ ಸೇರಿ, ಪ್ರಭು."

ರಾಜ ಮಾತಾಡಲು ಬಾಯಿ ತೆರೆದ, ಕೆಮ್ಮು ಬಂತು. ಕೆಮ್ಮಿ ಕೆಮ್ಮಿ ಸುಧಾರಿಸಿಕೊಂಡು, "ಗೂಡು ಆರಿಸಿ" ಅಂದ.

ಒಂದೇ ಕೈಯಲ್ಲಿ ಚಪ್ಪಾಳೆ ಆಗುತ್ತದೆಯೇ? ಅವತ್ತು ಊರಿಗೆ ಊರೇ ಎದ್ದಿತು. ಕೇರಿಯವರು ತಿಪ್ಪೆಗೆ ಮಣ್ಣು ಮುಚ್ಚಿದರು. ಗಂಗಜ್ಜಿ ಹೆದರುತ್ತಲೇ ತನ್ನ ಅಗ್ಗಿಷ್ಟಿಕೆಗೆ ನೀರು ಹಾಕಿದಳು.

ಸಂಜೆ ಕೋಣ ಬಂತು. ಗೂಡು ತಣ್ಣಗಿತ್ತು. ತಿಪ್ಪೆ ತಣ್ಣಗಿತ್ತು. ಮನೆಮನೆಯೂ ತಣ್ಣಗಿತ್ತು. ಹಸಿದ ಕೋಣ ಊರಬಾಗಿಲಲ್ಲಿ ಕಟ್ಟಿದ್ದ ದೇಮವ್ವನ ಮುಂದೆ ನಿಂತು ಬುಸುಗುಟ್ಟಿತು. "ಬಾ, ಇವತ್ತು ನಿನಗೆ ಇಲ್ಲಿ ಏನೂ ಇಲ್ಲ" ಅಂದಳು ಅವಳು. ಅಷ್ಟರಲ್ಲಿ ಗೋಡೆಯ ಮರೆಯಲ್ಲಿ ಧೂಮಾಕ್ಷ, ತಾನೇ ಗುಟ್ಟಾಗಿ ಸಾಕಿದ್ದ ಕೋಣ ಹಸಿದು ಸತ್ತೀತೆಂದು, ಕದ್ದು ಧೂಪ ಹೊತ್ತಿಸಿದ. ಕೋಣಕ್ಕೆ ಸಾಕಿದವನ ಗುರುತು ಎಲ್ಲಿಂದ ಬರಬೇಕು? ಧೂಪದ ವಾಸನೆ ಹಿಡಿದು ಹೋಗಿ, ಧೂಪದ ಜೊತೆ ಅವನನ್ನೂ ನುಂಗಿತು. ಆಮೇಲೆ ಮೇಯಲು ಏನೂ ಉಳಿಯಲಿಲ್ಲ. ಕೋಣ ಕರುವಾಯಿತು, ಕರು ಬೆಕ್ಕಾಯಿತು, ಬೆಕ್ಕು ಹಿಡಿ ಬೂದಿಯಾಯಿತು. ಬೂದಿಯಲ್ಲಿ ಬಿದ್ದಿದ್ದ ತೊಗಲ ಚೀಲ ಬಿರಿದು, ಕೋಣ ಹೀರಿ ತಂದದ್ದನ್ನು ಅವನು ಕೂಡಿಟ್ಟಿದ್ದ ಮಕ್ಕಳ ಉಸಿರೆಲ್ಲ ಹೊರಬಂದು ತಂತಮ್ಮ ಮನೆ ಸೇರಿತು.

ಕಟ್ಟು ಬಿಚ್ಚಲು ಮೊದಲು ಬಂದವಳು ಸಂಪಿಗೆ. "ಅವ್ವಾ, ಮನೆಯಿಂದ ಓಡಿ ಬಂದೆ. ಎಲ್ಲೂ ನಿಲ್ಲಲಿಲ್ಲ!" ದೇಮವ್ವ ಮಗಳ ಎದೆಗೆ ಕಿವಿಯಿಟ್ಟು ಕೇಳುತ್ತಲೇ ಇದ್ದಳು.

ಅರ್ಧ ಕಟ್ಟಿದ ಗೋಪುರ ಅಲ್ಲೇ ಉಳಿಯಿತು. ದಿನಾ ಸಂಜೆ ಒಬ್ಬರು ಅದನ್ನು ಹತ್ತಿ, ಎಲ್ಲಾದರೂ ಹೊಗೆ ಕಂಡರೆ "ಯಾರ ಮನೆಯದ್ರೋ ಅದು?" ಅಂತ ಕೂಗುವರು, ಕೇರಿಯವರು ಕೊಡ ಹಿಡಿದು ಓಡುವರು. ಹೀಗೆ ಎಲರಾವತಿಯವರು ಎದೆತುಂಬ ಉಸಿರಾಡಿಕೊಂಡು ಸುಖವಾಗಿದ್ದರು. ನಾವೂ ಒಮ್ಮೆ ಎದ್ದು ನಮ್ಮ ಹಿತ್ತಿಲು ನೋಡಿಕೊಂಡು ಬರೋಣ, ಏಳಿ.