ನೋವಿಲ್ಲ ಎಂದು ಬರೆದವಳು

"ಬಾಗಿಲು ತೆಗೀರಿ! ನನಗೇನೂ ಆಗಿಲ್ಲ ಅಂತಿದೀನಲ್ಲ!"

ಕಬ್ಬಿಣದ ದುಂಡು ಬಾಗಿಲು ಆಗಲೇ ಮುಚ್ಚಿತ್ತು. ಒಳಗೆ ಇಬ್ಬರೇ... ಮಂಚದ ಮೇಲೆ ಹಲ್ಲು ಕಚ್ಚಿಕೊಂಡು ಮಲಗಿದ್ದ ನೌಕಾಪಡೆಯ ಮುಳುಗುಗಾರ, ಪಕ್ಕದ ಸ್ಟೂಲಿನ ಮೇಲೆ ಅವನನ್ನು ನೋಡಿಕೊಳ್ಳಬೇಕಾದ ನರ್ಸ್.

"ಏನೂ ಆಗದವರನ್ನ ಯಾರೂ ಸ್ಟ್ರೆಚರ್ ಮೇಲೆ ಹೊತ್ಕೊಂಡು ಬರಲ್ಲ. ಸುಮ್ನೆ ಮಲಗಿ," ಎಂದಳು ಅವಳು.

"ಎಷ್ಟು ಹೊತ್ತು?"

"ಐದು ಗಂಟೆ."

"ಐದು ಗಂಟೆನಾ! ನೀವಾದ್ರೂ ಆಚೆ ಹೋಗ್ತೀರೋ ಇಲ್ವೋ?"

"ಒಳಗೆ ಬಂದ ಮೇಲೆ ನಿಮ್ಮ ಗತಿಯೇ ನನ್ನ ಗತಿ."

ನೌಕಾಪಡೆಯ ಆ ದೊಡ್ಡಾಸ್ಪತ್ರೆಯ ಚೇಂಬರ್ ಇರುವುದೇ ಹಾಗೆ. ಸಮುದ್ರದ ಆಳದಿಂದ ಅವಸರದಲ್ಲಿ ಮೇಲೆ ಬಂದವರ ಮೈಯೊಳಗೆ ಗಾಳಿಯ ಗುಳ್ಳೆಗಳೆದ್ದು ಕೀಲುಗಳನ್ನು ಹಿಂಡುತ್ತವೆ. ಅಂಥವರನ್ನು ಈ ಉಕ್ಕಿನ ಕೋಣೆಯಲ್ಲಿಟ್ಟು, ಮತ್ತೆ ಆಳದಷ್ಟೇ ಒತ್ತಡ ಕೊಟ್ಟು, ಆಮೇಲೆ ನಿಧಾನವಾಗಿ ಇಳಿಸಬೇಕು. ಜೊತೆಗೆ ಕೂತ ನರ್ಸಿನ ಮೈಗೂ ಅದೇ ಒತ್ತಡ. ನಡುವೆ ಬಾಗಿಲು ತೆರೆದರೆ ಇಬ್ಬರಿಗೂ ಅಪಾಯ.

ಅರ್ಧ ಗಂಟೆಗೆ ಅವನ ಭುಜದ ನೋವು ಕಡಿಮೆಯಾಯಿತು. ನೋವು ಇಳಿದಿದ್ದೇ ತಡ, ಬಾಯಿ ಶುರುವಾಯಿತು!

"ನರ್ಸಮ್ಮ, ತಪ್ಪು ತಿಳ್ಕೋಬೇಡಿ... ನಿಮ್ಮ ತಲೆ ಯಾಕೆ ಗುಬ್ಬಿಗೂಡಿನ ಥರ ಇದೆ?"

"ಚೇಂಬರ್ ಡ್ಯೂಟಿ ದಿನ ತಲೆಗೆ ಎಣ್ಣೆ ಹಚ್ಚೋ ಹಾಗಿಲ್ಲ. ಇಲ್ಲಿ ಆಮ್ಲಜನಕ ಜಾಸ್ತಿ, ಒಂದು ಕಿಡಿ ಸಾಕು. ಮಾಸ್ಕ್ ಹಾಕ್ಕೊಳ್ಳಿ, ಮಾತು ಕಡಿಮೆ ಮಾಡಿ!"

ಗದರಿದಳೇನೋ ನಿಜ. ಆದರೆ ಅವನು ಕಣ್ಣು ಮುಚ್ಚಿದ ಮೇಲೆ, ಯಾರೂ ನೋಡುತ್ತಿಲ್ಲವೆಂದು, ಎರಡೂ ಕೈಯಿಂದ ಕೂದಲು ಸವರಿಕೊಂಡಳು. ಅವನು ಅರೆಗಣ್ಣಿನಲ್ಲಿ ನೋಡುತ್ತಿದ್ದ, ಕಳ್ಳ!

ಪ್ರೀತಿಗೆ ಹೊತ್ತು ಗೊತ್ತು ಇರುವುದಿಲ್ಲ ಅನ್ನುತ್ತಾರೆ. ಇವರಿಗೋ ಆಸ್ಪತ್ರೆಯೇ ಹೊತ್ತು ಗೊತ್ತು ಮಾಡಿಕೊಟ್ಟಿತು. ಪ್ರತಿ ಸೋಮವಾರ, ಹತ್ತು ಗಂಟೆಗೆ, ತಪಾಸಣೆ. ಅವನು ಒಂಬತ್ತಕ್ಕೇ ಬಂದು ಬೆಂಚಿನ ಮೇಲೆ ಕೂರುತ್ತಿದ್ದ.

"ಬಂದ ನೋಡಮ್ಮ ನಿನ್ನ ಮುಳುಗಪ್ಪ," ಎಂದು ವಾರ್ಡಿನ ಆಯಾ ಕಣ್ಣು ಮಿಟುಕಿಸುತ್ತಿದ್ದಳು. ನರ್ಸ್ ನಾಚಿ ಕೆಂಪಾಗುತ್ತಿದ್ದಳು. ಆರನೇ ಸೋಮವಾರದ ಹೊತ್ತಿಗೆ 'ನೀವು' ಹೋಗಿ 'ನೀನು' ಬಂದಿತ್ತು, ಅವನ ಬಾಯಲ್ಲಿ ಮಾತ್ರ.

ಏಳನೆಯದು ಕೊನೆಯ ತಪಾಸಣೆ. ಡಾಕ್ಟರ್ ನೋಡುವ ಮುಂಚೆ ನರ್ಸ್ ಪ್ರಶ್ನೆ ಕೇಳಿ ಫಾರಂ ತುಂಬಬೇಕು. ಅದರ ಮೇಲೆ ಅವನು ಮತ್ತೆ ನೀರಿಗಿಳಿಯಬಹುದೋ ಇಲ್ಲವೋ ಎಂಬ ತೀರ್ಮಾನ.

"ಭುಜದಲ್ಲಿ ನೋವು ಉಳಿದಿದೆಯಾ?"

ಅವನು ಬಾಗಿಲ ಕಡೆ ನೋಡಿದ. ದನಿ ತಗ್ಗಿಸಿದ.

"ಒಂಚೂರು ಎಳೆಯುತ್ತೆ... ಬರೀಬೇಡ ಕಣೇ. ನೋವು ಅಂದ ಮುಳುಗುಗಾರನ್ನ ಉಗ್ರಾಣಕ್ಕೆ ಹಾಕ್ತಾರೆ. ಹಗ್ಗ ಸುತ್ತಿ ಸುತ್ತಿ ಮುದುಕ ಆಗ್ತೀನಿ. ನಮ್ಮಲ್ಲಿ ಯಾರೂ ನಿಜ ಹೇಳಲ್ಲ."

"ನನ್ನ ಹತ್ರ ಹೇಳಿದ್ರಲ್ಲ!"

"ನಿನಗೆ ಹೇಳ್ದೆ. ಫಾರಂಗೆ ಹೇಳಿಲ್ಲ." ಅವನು ಕೈ ಮುಗಿದ. "ಈ ಒಂದು ವರ್ಷ ಇಳೀತೀನಿ. ಆಮೇಲೆ ಅಮ್ಮನ್ನ ನಿಮ್ಮನೆಗೆ ಕರ್ಕೊಂಡು ಬರ್ತೀನಿ, ಹೆಣ್ಣು ಕೇಳೋಕೆ."

ಹೆಣ್ಣು ಕೇಳೋಕೆ! ಆ ಮಾತಿಗೆ ಅವಳ ಬುದ್ಧಿಯೆಲ್ಲ ಕರಗಿ ನೀರಾಯಿತು. ಬೇಡ, ಬೇಡ ಎಂದು ಮನಸ್ಸು ಕೂಗುತ್ತಲೇ ಇತ್ತು. ಕೈ ಮಾತ್ರ 'ಇಲ್ಲ' ಎಂದು ಬರೆದುಬಿಟ್ಟಿತು. ಕಾಯಬೇಕಾದ ಬೇಲಿಯೇ ಎದ್ದು ಹೊಲ ಮೇಯ್ದಿತು!

ಅವನು ಮತ್ತೆ ನೀರಿಗಿಳಿದ. ಹತ್ತೊಂಬತ್ತನೆಯ ದಿನ, ಮಧ್ಯಾಹ್ನ, ಆಂಬುಲೆನ್ಸ್ ಬಂತು. ಸ್ಟ್ರೆಚರಿನ ಮೇಲೆ ಅವನೇ.

ಅವಳೇ ಒಳಗೆ ಹೋದಳು. ಬಾಗಿಲು ಮುಚ್ಚಿತು. ಈ ಸಲ ಗುಳ್ಳೆಗಳು ಬೆನ್ನುಹುರಿಗೆ ಹೊಕ್ಕಿದ್ದವು. ಆರು ಗಂಟೆ ಕಾಲ ಅವನ ಪಾದ ತಿಕ್ಕಿದಳು, ಚಿವುಟಿದಳು, ಸೂಜಿಯ ತುದಿ ತಾಗಿಸಿದಳು.

"ನರ್ಸಮ್ಮ... ನನ್ನ ಕಾಲು ಮುಟ್ಟಿದೀಯಾ?"

"ಮುಟ್ಟಿದೀನಿ ರೀ... ಗೊತ್ತಾಗ್ತಿಲ್ವಾ?"

ಅವನ ಕಣ್ಣಿನ ಅಂಚಿನಿಂದ ಒಂದು ಹನಿ ಜಾರಿ ಕಿವಿಯೊಳಗೆ ಹೋಯಿತು. ಅಯ್ಯೋ, ಇವನ ಕಾಲನ್ನು ನಾನೇ ಕೊಂದೆ! ನನ್ನ ಕೈಯಾರೆ...! ಎದೆ ಒಡೆಯುವಂತೆ ಕೂಗಬೇಕೆನಿಸಿತು. ಬಾಗಿಲು ತೆರೆದೊಡನೆ ಓಡಿದಳು.

ಅವನ ಕಾಲುಗಳಿಗೆ ಮತ್ತೆ ಬಲ ಬರಲಿಲ್ಲ. ಅವಳು ಅವನ ವಾರ್ಡಿಗೆ ಕಾಲಿಡಲಿಲ್ಲ. ಅವನ ತಾಯಿ ಎರಡು ಸಲ ಹೇಳಿ ಕಳಿಸಿದರು. "ಡ್ಯೂಟಿ ಇದೆ" ಎಂದಳು. ಮೂರನೇ ಸಲ ಆ ತಾಯಿ ಹೇಳಿ ಕಳಿಸಲಿಲ್ಲ. "ಕಾಲು ಹೋದವನು ಯಾರಿಗೆ ಬೇಕು ಬಿಡು," ಎಂದು ಆಯಾಳ ಮುಂದೆ ಅಂದರಂತೆ. ಆ ಮಾತು ಅವಳ ಕಿವಿಗೂ ಬಿತ್ತು. ಅಲ್ಲ ಎನ್ನಬೇಕಾದರೆ ಸುಳ್ಳು ಬರೆದದ್ದನ್ನು ಹೇಳಬೇಕು. ಬಿಸಿತುಪ್ಪ... ನುಂಗುವಂತಿಲ್ಲ, ಉಗುಳುವಂತಿಲ್ಲ. ಚೇಂಬರಿನ ಕಡೆ ನೋಡಲೂ ಆಗದೆ, ಆಸ್ಪತ್ರೆಯ ಹಳೇ ದಾಖಲೆಗಳ ವಿಭಾಗಕ್ಕೆ ಬೇಡಿಕೊಂಡು ಹೋದಳು.

ಎಂಟು ತಿಂಗಳು ಕಳೆಯಿತು. ಆಸ್ಪತ್ರೆಗೆ ನೂರು ವರ್ಷ ತುಂಬಿದ ನೆನಪಿಗೆ ಹಳೇ ಕಟ್ಟಡವನ್ನು ಜನರಿಗೆ ತೆರೆದರು. ಬಂದವರಿಗೆ ಇತಿಹಾಸ ಹೇಳುವ ಕೆಲಸ ಅವಳದು.

"ನೂರು ವರ್ಷದ ಹಿಂದೆ ಇಲ್ಲಿದ್ದದ್ದು ಒಂದೇ ಶೆಡ್ಡು, ಹನ್ನೆರಡು ಹಾಸಿಗೆ. ಒಡೆದ ಹಡಗಿನ ಹಲಗೆಗಳಿಂದ ಕಟ್ಟಿದ್ದು. ಮೊದಮೊದಲು ಬಂದವರೆಲ್ಲ ಜ್ವರದ ನಾವಿಕರು. ಯುದ್ಧದ ಕಾಲದಲ್ಲಿ ಈ ಕಾರಿಡಾರಿನಲ್ಲೇ ಆಪರೇಷನ್ ಮಾಡುತ್ತಿದ್ದರು. ಈಗ ಎಂಟು ನೂರು ಹಾಸಿಗೆಗಳಿವೆ. ಸುಟ್ಟಗಾಯದ ವಾರ್ಡು, ನಾವಿಕರ ಮನೆಯವರಿಗೆ ಹೆರಿಗೆ ವಾರ್ಡು, ಕೃತಕ ಕಾಲು ಮಾಡುವ..."

ಮಾತು ಅಲ್ಲಿಗೇ ನಿಂತಿತು.

ಗುಂಪಿನ ಹಿಂದೆ ಒಂದು ಗಾಲಿಕುರ್ಚಿ. ಅದರಲ್ಲಿ ಅವನು! ಹಿಡಿಕೆ ಹಿಡಿದು ಅವನ ತಾಯಿ.

ಎಷ್ಟು ಇಳಿದುಹೋಗಿದ್ದಾನೆ... ಹೇಗೋ ಸಾವರಿಸಿಕೊಂಡು ಗಿಣಿಪಾಠ ಒಪ್ಪಿಸುತ್ತ ಮುಂದೆ ನಡೆದಳು. ಕೊನೆಗೆ, ಪ್ರದರ್ಶನಕ್ಕಿಟ್ಟ ಹಳೇ ಚೇಂಬರಿನ ಮುಂದೆ ನಿಲ್ಲಲೇಬೇಕಾಯಿತು.

"ಇದು... ಮುಳುಗುಗಾರರನ್ನು ಉಳಿಸುವ ಯಂತ್ರ. ಮೂರು ನೂರಕ್ಕೂ ಹೆಚ್ಚು ಜನ ಇದರಿಂದ ನಡೆದುಕೊಂಡು ಮನೆಗೆ ಹೋಗಿದ್ದಾರೆ."

"ಹಾಗಾದ್ರೆ ನನ್ನ ಮಗನ ಕಾಲು ಯಾಕಮ್ಮ ಉಳೀಲಿಲ್ಲ?" ತಾಯಿ ಕೇಳಿಯೇ ಬಿಟ್ಟರು.

"ಅಮ್ಮ, ಸುಮ್ನಿರು," ಎಂದ ಅವನು.

ರೋಗಿ ತಡವಾಗಿ ಬಂದರೆ ಹಾಗಾಗುತ್ತದೆ... ಬಾಯಿಪಾಠದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟು ಅಂದಿದ್ದರೆ ಸಾಕಿತ್ತು. ಕೆಲಸವೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು. ಆದರೆ ಆ ತಾಯಿಯ ಮುಖ ನೋಡಿಕೊಂಡು ಇನ್ನೊಂದು ಸುಳ್ಳು ಹೇಳಲು ಅವಳಿಂದಾಗಲಿಲ್ಲ.

"ನನ್ನಿಂದ ಅಮ್ಮ," ಎಂದಳು. "ಅವರಿಗೆ ಭುಜದಲ್ಲಿ ನೋವಿನ್ನೂ ಇತ್ತು. ನನಗೆ ಗೊತ್ತಿತ್ತು. ಗೊತ್ತಿದ್ದೂ ಇಲ್ಲ ಅಂತ ಬರೆದೆ. ನಿಜ ಬರೆದಿದ್ರೆ ಡಾಕ್ಟರ್ ನೀರಿಗೆ ಇಳಿಸ್ತಾನೇ ಇರಲಿಲ್ಲ. ಅವರ ಕಾಲು ಕಳೆದವಳು ನಾನೇ..."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾಯಿ ಹಿಡಿಕೆ ಬಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು, ವರಾಂಡದ ಕಡೆ ಹೊರಟುಹೋದರು. ಒಬ್ಬೊಬ್ಬರಾಗಿ ಉಳಿದವರೂ ಸರಿದರು.

ಅವನೊಬ್ಬ ಉಳಿದ.

"ಅದಕ್ಕೇನಾ ಬರಲಿಲ್ಲ?" ಎಂದ ಅವನು. "ನನ್ನ ಕಾಲಿಗೆ ಹೆದರಿ ಅಂದ್ಕೊಂಡಿದ್ದೆ."

"ಅಯ್ಯೋ, ಕಾಲಿಗೆ ಯಾಕೆ ಹೆದರಲಿ! ನಿಮ್ಮ ಮುಖಕ್ಕೆ ಹೆದರಿದೆ. ಯಾಕೆ ಬರೆದೆ ಅಂತ ನೀವು ಕೇಳಿಬಿಟ್ರೆ...?"

"ಬರೆಸಿದವನು ನಾನು. ಕೈ ಮುಗಿದು ಬರೆಸಿದೆ. ನಾನು ಯಾವ ಬಾಯಲ್ಲಿ ಕೇಳಲಿ?"

ಅವಳು ಬಿಕ್ಕಿದಳು. ಅವನು ಸಮಾಧಾನ ಮಾಡಲಿಲ್ಲ.

"ಅಳಬೇಡ, ಪೂರ್ತಿ ಕೇಳು. ಆ ಸುಳ್ಳನ್ನ ನಾನು ಯಾವತ್ತೋ ಮರೆತೆ. ಈ ಎಂಟು ತಿಂಗಳನ್ನ ಹೇಗೆ ಮರೀಲಿ? ದಿನಾ ಬಾಗಿಲು ನೋಡ್ತಿದ್ದೆ ಕಣೇ. ಯಾರ ಹೆಜ್ಜೆ ಸದ್ದಾದ್ರೂ ನೀನೇ ಅಂತ. ಕಾಲಿಲ್ಲ ಅಂದಾಗಲೂ ನಾನು ಇಷ್ಟು ಅತ್ತಿರಲಿಲ್ಲ."

ಎಂಥ ದಡ್ಡಿ ನಾನು! ಒಂದು ಗಾಯ ಮುಚ್ಚಿಡಲು ಹೋಗಿ ಇನ್ನೊಂದು ಮಾಡಿದೆನಲ್ಲ...

ಅವಳು ಕಣ್ಣೊರೆಸಿಕೊಂಡಳು. "ಈಗಲೇ ದೊಡ್ಡ ಡಾಕ್ಟರ ಹತ್ರ ಹೋಗ್ತೀನಿ. ಎಲ್ಲ ಬರೆದು ಕೊಡ್ತೀನಿ. ಕೆಲಸ ಹೋಗಬಹುದು... ಹೋಗಲಿ."

"ನಾನೂ ಬರ್ತೀನಿ. ಇಬ್ಬರ ತಪ್ಪಿಗೆ ಒಬ್ಬಳೇ ಯಾಕೆ ತಲೆ ಕೊಡ್ತೀಯ?"

ಅಷ್ಟರಲ್ಲಿ ತಾಯಿ ಹಿಂದಿರುಗಿ ಬಂದರು. ಕಣ್ಣು ಊದಿಕೊಂಡಿತ್ತು. ಮಗನನ್ನು ನೋಡಿದರು. ಅವಳನ್ನು ನೋಡಲಿಲ್ಲ. ಕುರ್ಚಿಯ ಹಿಡಿಕೆಗೆ ಕೈ ಹಾಕಿದವರು, ಒಂದು ಕ್ಷಣ ನಿಂತು, ಹಿಂದೆ ಸರಿದರು.

"ಎಂಟು ತಿಂಗಳಿಂದ ತಳ್ತಿದೀನಿ. ನನ್ನ ಕೈ ಸೋತಿದೆ," ಎಂದರು ಗೋಡೆಗೆ ಹೇಳಿದಂತೆ. "ಯಾರಾದ್ರೂ ತಳ್ಳೋರಿದ್ರೆ ತಳ್ಳಲಿ."

ಅವಳು ಹಿಡಿಕೆ ಹಿಡಿದಳು. ಉದ್ದನೆಯ ಕಾರಿಡಾರಿನಲ್ಲಿ ಕುರ್ಚಿಯ ಗಾಲಿಗಳು ಉರುಳಿದವು. ತಾಯಿ ಹತ್ತು ಹೆಜ್ಜೆ ಹಿಂದೆ ಬರುತ್ತಿದ್ದರು.

"ಅಮ್ಮ ನಿನ್ನನ್ನ ಸುಲಭಕ್ಕೆ ಬಿಡಲ್ಲ. ಬೈತಾಳೆ," ಎಂದ ಅವನು, ಮುಂದೆ ನೋಡುತ್ತಲೇ.

"ಬೈಲಿ."

"ನಾನೂ ಬೈತೀನಿ. ಸಿಟ್ಟು ಇಳಿದಿಲ್ಲ."

"ಬೈಯಿರಿ... ದಿನಾ ಬೈಯಿರಿ."

"ದಿನಾ ಬೈಬೇಕು ಅಂದ್ರೆ ದಿನಾ ಜೊತೇಲಿರಬೇಕಲ್ಲೇ?"

ಅವಳು ಕುರ್ಚಿ ನಿಲ್ಲಿಸಲಿಲ್ಲ. ಒರೆಸಿಕೊಳ್ಳಲು ಕೈ ಬಿಡುವಿಲ್ಲದೆ ಕಣ್ಣೀರು ಅವನ ಹೆಗಲ ಮೇಲೆ ಬೀಳುತ್ತಿತ್ತು.

"ಇರ್ತೀನಿ ರೀ," ಎಂದಳು.