ಏಳನೇ ಮೊಳೆಯ ಬಟ್ಟೆ

ಎದುರಿಗೆ ಲಾರಿ!

ಪಕ್ಕದಲ್ಲಿ ಬಸ್ಸು. ನಾನು ನಡುವೆ.

ಆಕ್ಸಿಲರೇಟರನ್ನು ನೆಲಕ್ಕೆ ಅಂಟುವ ಹಾಗೆ ತುಳಿದೆ. ಕಾರು ಗೂರಲು ಬಂದ ಮುದುಕಿಯ ಹಾಗೆ ಎಳೆದುಸಿರು ಬಿಟ್ಟಿತು... ಮುಂದಕ್ಕೆ ಮಾತ್ರ ಹೋಗಲಿಲ್ಲ.

ಲಾರಿಯ ಹಾರ್ನು ಕಿವಿ ಹರಿಯಿತು. ಬ್ರೇಕ್ ಒತ್ತಿದೆ. ಸ್ಟಿಯರಿಂಗ್ ಎಳೆದೆ. ಬಸ್ಸಿನ ಹಿಂದಕ್ಕೆ ಹೇಗೆ ತೂರಿಕೊಂಡೆನೋ ಗೊತ್ತಿಲ್ಲ. ಲಾರಿ ಕನ್ನಡಿ ಸವರಿಕೊಂಡು ಹೋಯಿತು.

"ನೋಡಿದ್ರಾ ಮೇಡಂ?" ಪಕ್ಕದ ಸೀಟಿನಲ್ಲಿ ಕಾರಿನ ಯಜಮಾನ, ಊರಿಗೆಲ್ಲ ಮೀಸೆ. ತೊಡೆಯ ಮೇಲೆ ಮೊಳದುದ್ದದ ಸ್ಪ್ಯಾನರ್. "ಅವತ್ತೂ ಹೀಗೇ. ಹಿಂದಿನ ಸೀಟಲ್ಲಿ ಅಮ್ಮ. ಉಬ್ಬಸ ಜಾಸ್ತಿಯಾಗಿ ತುಟಿ ನೀಲಿಯಾಗಿತ್ತು. ಆಸ್ಪತ್ರೆಗೆ ಹತ್ತು ನಿಮಿಷದ ದಾರಿ... ಏರು ಹತ್ತಲಿಲ್ಲ ಇದು. ಮುಕ್ಕಾಲು ಗಂಟೆ!"

ಅವನ ಅಮ್ಮ ಜೀವಂತವಾಗಿ ಆಸ್ಪತ್ರೆ ಮುಟ್ಟಿರಲಿಲ್ಲ.

"ಹಿಂದಿನ ದಿನವಷ್ಟೇ ಸರ್ವಿಸ್ ಆಗಿತ್ತು. ನಿಮ್ಮ ದೊಡ್ಡಪ್ಪನ ಗ್ಯಾರೇಜಲ್ಲಿ."

"ಗೊತ್ತು."

"ಅದಕ್ಕೇ ನಿಮ್ಮನ್ನೇ ಹಿಡಿದೆ. ಸ್ವಂತ ದೊಡ್ಡಪ್ಪನ ಮೇಲೆ ನೀವೇ ಹೇಳಿದ್ರೆ ಯಾರೂ ಕಮಕ್ ಕಿಮಕ್ ಅನ್ನಲ್ಲ. ಮಧ್ಯಾಹ್ನದೊಳಗೆ ಹೇಳಿ. ಅವನದ್ದೇ ತಪ್ಪಾಗಿದ್ರೆ..." ಸ್ಪ್ಯಾನರನ್ನು ಅಂಗೈಗೆ ತಟ್ಟಿದ. "ಆ ಕೈ ಇನ್ನೊಂದು ಗಾಡಿ ಮುಟ್ಟಬಾರದು."

ಕೆಟ್ಟ ಗಾಡಿ ಯಾಕೆ ಕೆಟ್ಟಿತು ಎಂದು ಹುಡುಕುವುದು ನನ್ನ ಕೆಲಸ. ಆ ವಿದ್ಯೆ ಕಲಿಸಿದ್ದು ದೊಡ್ಡಪ್ಪನೇ. ಅಪ್ಪ ಸತ್ತ ಮೇಲೆ ಅನ್ನ ಹಾಕಿದವನು. ಸ್ಪ್ಯಾನರ್ ಕೈಗೆ ಕೊಟ್ಟವನು.

ನನ್ನ ಶೆಡ್ಡಿಗೆ ತಂದು ಬಾನೆಟ್ ಎತ್ತಿದೆ.

ಪೆಟ್ರೋಲ್ ಸರಿಯಾಗಿ ಬರುತ್ತಿತ್ತು. ಪ್ಲಗ್ಗುಗಳು ಹೊಸವು. ಕ್ಲಚ್ ಜಾರುತ್ತಿರಲಿಲ್ಲ. ಸೈಲೆನ್ಸರ್ ಕಟ್ಟಿಕೊಂಡಿರಲಿಲ್ಲ. ನಿಂತಲ್ಲಿ ಇಂಜಿನ್ ಬೆಕ್ಕಿನಂತೆ ಗುರುಗುಡುತ್ತಿತ್ತು.

"ಒತ್ತಯ್ಯಾ!" ಎಂದೆ.

ಮೀಸೆ ಒಳಗೆ ಕೂತು ಒತ್ತಿದ. ನಾನು ಗಾಳಿಯ ಪೈಪ್ ನೋಡುತ್ತಿದ್ದೆ. ಇಂಜಿನ್ ಉಸಿರಾಡುವ ದಪ್ಪ ರಬ್ಬರ್ ಪೈಪ್ ಅದು. ಒತ್ತಿದ ಕೂಡಲೇ... ಹಲ್ಲಿಲ್ಲದವರ ಕೆನ್ನೆಯ ಹಾಗೆ ಒಳಕ್ಕೆ ಎಳೆದುಕೊಂಡಿತು!

ಫಿಲ್ಟರ್ ಹೊಸದು. ಹಾಗಾದರೆ ಅದರಾಚೆ ಏನೋ ಸಿಕ್ಕಿಕೊಂಡಿದೆ.

"ಆಫ್ ಮಾಡು!"

ಪೈಪ್ ಬಿಚ್ಚಿದೆ. ಬೆರಳು ತೂರಿಸಿದೆ. ಮೆತ್ತಗೆ ಏನೋ ಸಿಕ್ಕಿತು. ಎಳೆದೆ.

ಬಟ್ಟೆ. ಮೂಲೆಯಲ್ಲಿ ಕೆಂಪು ದಾರದ ಹೊಲಿಗೆ... ೭.

ದೊಡ್ಡಪ್ಪನ ಗೋಡೆಯ ಬಟ್ಟೆ!

ಫಿಲ್ಟರ್ ತೆಗೆದಾಗ ಒಳಗೆ ಕಸ ಬೀಳದಂತೆ ಪೈಪಿನ ಬಾಯಿಗೆ ಬಟ್ಟೆ ತುರುಕುತ್ತಾರೆ. ಎಲ್ಲ ಮೆಕ್ಯಾನಿಕ್ಕುಗಳೂ ಅಷ್ಟೇ. ದೊಡ್ಡಪ್ಪ ಮಾತ್ರ ಒಂದು ಕಟ್ಟಳೆ ಮಾಡಿದ್ದ. ಹನ್ನೆರಡು ಬಟ್ಟೆ, ಪ್ರತಿಯೊಂದಕ್ಕೂ ನಂಬರು, ಗೋಡೆಯಲ್ಲಿ ಹನ್ನೆರಡು ಮೊಳೆ. ಒಂದು ಮೊಳೆ ಖಾಲಿಯಿದ್ದರೂ ಯಾವ ಗಾಡಿಯೂ ಹೊಸಿಲು ದಾಟಬಾರದು! ನಲವತ್ತು ವರ್ಷ ತಪ್ಪಿರಲಿಲ್ಲ.

ಬಟ್ಟೆಯನ್ನು ಜೇಬಿಗೆ ತುರುಕಿದೆ. ಪೈಪ್ ಬಿಗಿದೆ. ಬಾನೆಟ್ ಮುಚ್ಚಿದೆ.

"ಇಳಿ. ಒಂದು ಸುತ್ತು ನೋಡ್ಕೊಂಡು ಬರ್ತೀನಿ."

ಇಳಿದ. ನಾನು ಹತ್ತಿದೆ. ಒತ್ತಿದೆ.

ಕಾರು ಚಿಮ್ಮಿತು!

"ಏಯ್! ಮೇಡಂ! ಎಲ್ಲಿಗೆ?"

ಕನ್ನಡಿಯಲ್ಲಿ ನೋಡಿದೆ. ಯಾರದೋ ಬೈಕಿನ ಹಿಂದೆ ಹಾರಿ ಕೂತಿದ್ದ. ಸ್ಪ್ಯಾನರ್ ಮೇಲೆತ್ತಿದ್ದ. ಸಂತೆಯ ಬೀದಿ ತಪ್ಪಿಸಿ ಗಲ್ಲಿಗೆ ನುಗ್ಗಿದೆ. ಬೈಕೂ ನುಗ್ಗಿತು. ಏರು ಬಂತು. ಕಾರು ಏರನ್ನು ನುಂಗಿಕೊಂಡು ಹೋಯಿತು. ಅವತ್ತು ಹೀಗೆ ಓಡಿದ್ದರೆ... ನಗಬೇಡಿ, ಗೇರ್ ಬದಲಿಸುತ್ತ ನಾನು ಅತ್ತೆ.

ಗ್ಯಾರೇಜಿನಲ್ಲಿ ದೊಡ್ಡಪ್ಪ ಸ್ಟೂಲಿನ ಮೇಲೆ ಕೂತು ಪ್ಲಗ್ ಉಜ್ಜುತ್ತಿದ್ದ. ಗೋಡೆ ನೋಡಿದೆ. ಮೊಳೆ ಒಂದೂ ಖಾಲಿಯಿರಲಿಲ್ಲ. ಏಳನೆಯದರಲ್ಲೂ ಬಟ್ಟೆ... ೭!

ಜೇಬಿನಿಂದ ಇನ್ನೊಂದು ಏಳನ್ನು ತೆಗೆದೆ.

ಟೀ ಹಿಡಿದು ಬಂದ ದೊಡ್ಡಮ್ಮನ ಕೈಯಿಂದ ಲೋಟ ಬಿತ್ತು.

"ಎಲ್ಲಿತ್ತೇ ಅದು?"

"ಮೀಸೆಯ ಕಾರಿನ ಪೈಪಲ್ಲಿ. ಇದನ್ನು ಯಾರು ಹೊಲಿದಿದ್ದು ದೊಡ್ಡಮ್ಮಾ?"

ಅವಳು ಗೋಡೆ ಹಿಡಿದುಕೊಂಡಳು. ದನಿ ತಗ್ಗಿಸಿದಳು.

"ಇವರಿಗೆ ಮರೆವು ಕಣೇ... ಒಂದು ವರ್ಷ ಆಯ್ತು. ದಿನಾ ಒಂದು ಬಟ್ಟೆ ಎಲ್ಲೋ ಇಟ್ಟು ಮರೀತಾರೆ. ಕೋಟಿನ ಜೇಬಲ್ಲಿ, ಅಕ್ಕಿ ಡಬ್ಬೀಲಿ. ಸಿಗದಿದ್ರೆ ತಲೆ ಚಚ್ಕೊಂಡು ಅಳ್ತಾರೆ. ನೋಡಕ್ಕಾಗಲ್ಲ. ಅದಕ್ಕೇ... ಕಳೆದದ್ದರ ಬದಲು ಅದೇ ನಂಬರು ಹೊಲಿದು ನೇತುಹಾಕ್ತಿದ್ದೆ. ಇದೂ ಮನೇಲೇ ಎಲ್ಲೋ ಇದೆ ಅಂದ್ಕೊಂಡೆ."

ಬೈಕ್ ಬಂದು ನಿಂತಿತು.

ಮೀಸೆ ಬಾಗಿಲಲ್ಲಿ. ಕಣ್ಣು ಕೆಂಡ. ನನ್ನ ಕೈಯ ಬಟ್ಟೆ ನೋಡಿದ. ಗೋಡೆಯ ಬಟ್ಟೆ ನೋಡಿದ. ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ಎಲ್ಲ ಹೇಳಿದೆ. ಒಂದಕ್ಷರ ಬಿಡಲಿಲ್ಲ.

ಸ್ಪ್ಯಾನರ್ ಮೇಲೆದ್ದಿತು.

ದೊಡ್ಡಮ್ಮ ಅಡ್ಡ ಬಂದು ಎರಡೂ ಕೈ ಚಾಚಿದಳು. "ಹೊಲಿದದ್ದು ಈ ಕೈಯಪ್ಪಾ. ಹೊಡಿ!"

ಆಗ ದೊಡ್ಡಪ್ಪ ತಲೆಯೆತ್ತಿದ. ಮೀಸೆಯನ್ನು ನೋಡಿ ಮುಖವರಳಿಸಿದ.

"ಓಹೋ, ಬಾರಯ್ಯ! ಅಮ್ಮ ಹೇಗಿದಾರೆ? ಉಬ್ಬಸ ಕಮ್ಮಿ ಆಯ್ತಾ?"

ಸ್ಪ್ಯಾನರ್ ನಿಧಾನವಾಗಿ ಇಳಿಯಿತು.

"ಕಮ್ಮಿ ಆಯ್ತು ಮೇಸ್ತ್ರಿ... ಪೂರ್ತಿ ಕಮ್ಮಿ ಆಯ್ತು."

"ಒಳ್ಳೇದಾಯ್ತು ಬಿಡು."

ಮೀಸೆ ನನ್ನ ಕಡೆ ತಿರುಗಿದ. "ಈ ಶಟರ್ ಇನ್ನು ಮೇಲೇಳಬಾರದು."

"ಏಳಲ್ಲ."

ಕಾರು ಹತ್ತಿದ. ಬಹಳ ಹೊತ್ತು ಸ್ಟಾರ್ಟ್ ಮಾಡಲಿಲ್ಲ. ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ಕೂತಿದ್ದ. ಆಮೇಲೆ ಹೋದ... ಮೆಲ್ಲಗೆ, ಮೊದಲ ಗೇರಿನಲ್ಲೇ.

ಶಟರ್ ಎಳೆದೆ. ದೊಡ್ಡಪ್ಪ ನನ್ನ ತೋಳು ಹಿಡಿದುಕೊಂಡ.

"ಹಗಲು ಹೊತ್ತಲ್ಲೇ ಯಾಕೆ ಮುಚ್ತೀಯೇ?"

"ಕೆಲಸ ಇಲ್ಲ ದೊಡ್ಡಪ್ಪಾ. ಊರಲ್ಲಿ ಒಂದೂ ಗಾಡಿ ಕೆಟ್ಟಿಲ್ಲ."

ಅವನು ಯೋಚಿಸಿದ. ಮುಖ ಬಾಡಿತು.

"ಅಯ್ಯೋ, ಗಾಡಿ ಕೆಡದಿದ್ರೆ ನಿನ್ನ ಗತಿ ಏನೇ ಮಗಳೇ?"

ಹಾಳು ಮುದುಕ... ಮರೆಯುವುದನ್ನೂ ನೆಟ್ಟಗೆ ಕಲಿಯಲಿಲ್ಲ!